ಮೂರನೇ ತೂತು

ಬೆಳಿಗ್ಗೆ ಒಂಬತ್ತು ನಲವತ್ತು, ಹಾಸನದ ಸಾಲಗಾಮೆ ರಸ್ತೆ.
ಮೆಡಿಕಲ್ ಶಾಪಿನ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಆಗಲೇ
ನನ್ನ ಬಳಿ ಇಲ್ಲದ ಎರಡು ಸಾವಿರ ಷೇರು ಮಾರಿಬಿಟ್ಟೆ.
ಬಿಲ್ಲಿಲ್ಲದೆ ಒಂದು ಗುಳಿಗೆ ಕೊಡದವಳು.

ಕದ್ದ ಮಾಲಲ್ಲ ಇದು. ಇಲ್ಯಾಸ್ ಹೇಳಿಕೊಟ್ಟದ್ದು ಹೀಗೆ:
ಪಕ್ಕದ ಮನೆಯಿಂದ ಒಂದು ಪಾವು ಸಕ್ಕರೆ ಕಡ ತಾ,
ಇವತ್ತಿನ ದರಕ್ಕೆ ಮಾರು,
ದರ ಬಿದ್ದರೆ ಸಂಜೆಯೊಳಗೆ ಅಗ್ಗಕ್ಕೆ ಕೊಂಡು
ಪಾವಿಗೆ ಪಾವು ಹಿಂತಿರುಗಿಸು.
ಮಿಕ್ಕ ಚಿಲ್ಲರೆ ನಿನ್ನದು.
ಏರಿದರೆ? ಅಂದೆ.
ಅವನು ಚಹಾ ಲೋಟದ ತಳ ನೋಡಿದ.

ಪುಟ್ಟ ಬಯೋಟೆಕ್ ಕಂಪನಿ. ಇದ್ದದ್ದೊಂದೇ ಮದ್ದು,
ಮೂತ್ರಪಿಂಡಕ್ಕೆ, ಅದೂ ಇನ್ನೂ ಹುಟ್ಟದ್ದು.
ಕೂಸಿಗಿಂತ ಮೊದಲೇ ಕುಲಾವಿ ಹೊಲಿದು
ಊರೆಲ್ಲ ಮಾರುತ್ತಿತ್ತು.
ಇಪ್ಪತ್ತೆರಡು ವರ್ಷ ಔಷಧಿ ಮಾರಿದ ಕೈ ನನ್ನದು.
ಎಷ್ಟು ಮದ್ದು ಬಂದವು, ಎಷ್ಟು ಹೋದವು,
ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳನ್ನು ಕೇಳಿ.

ಬೇಲಿ ಹಾಕಿಕೋ, ಅಂದಿದ್ದ ಇಲ್ಯಾಸ್.
ಹೆಡ್ಜ್ ಅಂದರೆ ಅಷ್ಟೇ, ಬೇಲಿ.
ಇಷ್ಟು ಚಿಕ್ಕ ಕಂಪನಿಗೆ ಆಪ್ಷನ್ ಇರಲಿಲ್ಲ,
ದೊಡ್ಡ ಔಷಧಿ ಕಂಪನಿಯದೊಂದು ಕಾಲ್ ಕೊಂಡೆ,
ಆಚೆ ಹೊಲದವನ ಬೇಲಿ ಕಿತ್ತು ತಂದು
ನನ್ನ ಹೊಲಕ್ಕೆ ಊರಿದ ಹಾಗೆ.

ಹನ್ನೊಂದಕ್ಕೆ ಜವರಯ್ಯ ಬಂದ,
ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನ ರಾತ್ರಿ ಕಾವಲಿನವನು.
ಅದೇ ಮದ್ದಿನ ಪ್ರಯೋಗಕ್ಕೆ ಹೆಬ್ಬೆಟ್ಟು ಒತ್ತಿದ್ದ.
ಬಿಳಿ ಡಬ್ಬಿ, ಹೆಸರಿಲ್ಲ, ನಂಬರು ಮಾತ್ರ.
ಒಳಗಿರುವುದು ಮದ್ದೋ ಹಿಟ್ಟೋ
ಕೊಟ್ಟ ಡಾಕ್ಟರಿಗೂ ತಿಳಿಯದು.
ಚಪ್ಪಲಿಯ ಕಾಲನ್ನು ಮೆಟ್ಟಿಲ ಮೇಲಿಟ್ಟು
'ನೋಡಿ ಅಮ್ಮ, ಮೂರನೇ ತೂತು!
ಯುಗಾದಿಯಲ್ಲಿ ಬಾರು ಒಂದನೇದಕ್ಕೂ ಬರ್ತಿರಲಿಲ್ಲ'
ಎಂದು ಊತ ಇಳಿದ ಪಾದ ತಿರುಗಿಸಿ ತಿರುಗಿಸಿ ತೋರಿಸಿದ.

ಒಳ್ಳೇದಾಯ್ತು, ಅಂತು ಬಾಯಿ.
ಹೆಬ್ಬೆರಳು ಕೌಂಟರಿನ ಕೆಳಗೆ ಮೊಬೈಲು ತೆರೆಯಿತು.
ಆಗಲೇ ಕೊಂಡು ಕೈ ತೊಳೆಯಬಹುದಿತ್ತು.
ಅವನ ಕಾಲಿನ ಸುದ್ದಿಯನ್ನು ಪೇಟೆಗಿಂತ ಮೊದಲು ತಿಂದಂತಾಗುತ್ತಿತ್ತು,
ಕೊಳ್ಳಲಿಲ್ಲ.
ಧರ್ಮಕ್ಕಲ್ಲ, ಹಟಕ್ಕೆ.
ಒಂದು ಕಾಲು, ಏನು ಮಹಾ ಸಾಕ್ಷಿ?

ಎರಡು ಹತ್ತಕ್ಕೆ ಯಾರೋ ಎಲ್ಲೋ ಏನೋ ಅಂದರಂತೆ.
ಶೇಕಡ ಇಪ್ಪತ್ತು. ಅಪ್ಪರ್ ಸರ್ಕ್ಯೂಟ್.
ಕೊಳ್ಳುವವರು ಲಕ್ಷ, ಮಾರುವವರು ಸೊನ್ನೆ.
ಪಾವು ಸಕ್ಕರೆಗೆ ಊರಿನ ಯಾವ ಬಾಗಿಲೂ ತೆರೆಯಲಿಲ್ಲ.
ಬೇಲಿ ಹೊಲ ಮೇಯುವುದು ಕೇಳಿದ್ದೆ,
ಇಲ್ಲಿ ಹೊಲವೇ ಎದ್ದು ಬೇಲಿ ಹಾರಿತು.
ಆ ದೊಡ್ಡ ಕಂಪನಿ ಮಿಸುಕಲೂ ಇಲ್ಲ.

ಆಮೇಲೆ ಹರಾಜು, ದಂಡ.
ಹಿಂದೆ ಗೋಡಾನು ಕಟ್ಟಲೆಂದಿಟ್ಟ ದುಡ್ಡು ಅದು.
ಇಟ್ಟಿಗೆ ಬಂದು ಬಿದ್ದಿತ್ತು. ಬಿದ್ದೇ ಇದೆ.

ಇಪ್ಪತ್ತಾರು ದಿನದ ಮೇಲೆ ಪೇಪರಿನ ಮೂಲೆಯಲ್ಲಿ:
ಪ್ರಯೋಗ ವಿಫಲ, ಷೇರು ಅರ್ಧಕ್ಕಿಂತ ಕೆಳಗೆ.
ನನ್ನ ಮಾತೇ ಗೆದ್ದಿತ್ತು, ಅದರೊಳಗೆ ನಾನಿರಲಿಲ್ಲ.
ಇಲ್ಯಾಸ್ ಫೋನು ಮಾಡಿ ನಕ್ಕ. ನಾನೂ ನಕ್ಕೆ,
ಎಷ್ಟು ಹೊತ್ತು ನಗಬಹುದೋ ಅಷ್ಟು.

ಮಳೆಗಾಲ ಮುಗಿದ ಮೇಲೆ ಜವರಯ್ಯ ಒಂದು ಕವರು ತಂದ.
'ಆಸ್ಪತ್ರೆಯಿಂದ ಬಂತು, ಇಂಗ್ಲಿಷು, ಓದಿ ಹೇಳಿ.'
ಓದಿದೆ. ಅವನ ನಂಬರಿನ ಡಬ್ಬಿಯಲ್ಲಿದ್ದದ್ದು
ಮೊದಲಿನಿಂದಲೂ ಬರೀ ಹಿಟ್ಟು.
ಬಗ್ಗಿ ಕಾಲು ನೋಡಿದೆ:
ಇನ್ನೂ ಮೂರನೇ ತೂತು.

'ಏನಂತೆ ಅಮ್ಮ?'
ಮದ್ದು ನಿಲ್ಲಿಸಿದ್ದಾರೆ, ಅಂದೆ,
ಬಂದು ಹೋದದ್ದಕ್ಕೆ ಧನ್ಯವಾದ ಬರೆದಿದ್ದಾರೆ.
ಕಾಗದ ಮಡಿಸಿ ಜೇಬಿಗಿಟ್ಟುಕೊಂಡು
ಎರಡು ಬಿಪಿ ಗುಳಿಗೆ ಪಟ್ಟಿ ಕೊಂಡು ನಡೆದ, ನೆಟ್ಟಗೆ.

ಉಳಿದ ಮಾತು ನನ್ನಲ್ಲೇ ಇದೆ,
ಪಕ್ಕದ ಮನೆಯಿಂದ ತಂದ ಪಾವಿನ ಹಾಗೆ.
ಯಾವ ದಿನ, ಯಾವ ದರಕ್ಕೆ
ಹಿಂತಿರುಗಿಸಬೇಕೋ.